ಮೊದಲು ಕಡಿಯುವ ಜಾಗ

ಮಹಾಯುದ್ಧದ ಕಾಲದ ತ್ರೀ-ನಾಟ್-ತ್ರೀ ರೈಫಲ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮುಂಬೈಯ ಮುಲುಂಡ್ ಲೋಕಲ್ ರೈಲಿನಲ್ಲಿ ನಿಂತು ಮೊಬೈಲ್ ನೋಡಿ ಕಲಿತದ್ದು. ಒಂದನ್ನೂ ಮುಟ್ಟಿರಲಿಲ್ಲ. ಹಾಗಾಗಿ ಜೋಗೇಶ್ವರಿಯ ಗುಜರಿ ಕಾರ್ಖಾನೆಯಲ್ಲಿ ಗ್ಯಾಸ್ ಕಟರ್ ಹಿಡಿಯುವ ಸೋದರಮಾವ, “ಪೊಲೀಸರ ಹಳೇ ಬಂದೂಕು ಕಡಿಯಾಕ ಬಂದಾವ, ನೋಡಾಕ ಬಾ” ಎಂದಾಗ ಊಟ ಬಿಟ್ಟು ಓಡಿದೆ.

ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟಿನ ಹಿಡಿಯ ಕೆಳಗೆ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಯಾವ ಕಾರ್ಖಾನೆ, ಯಾವ ಇಸವಿ ಎಂದು ಅದರ ಮೇಲೆ ಒತ್ತಿರುತ್ತಾರೆ. ಆ ರೈಫಲ್ ಯುದ್ಧ ಕಂಡಿತ್ತೋ ಇಲ್ಲವೋ ಎಂದು ಊಹಿಸಲು ನನಗೆ ಗೊತ್ತಿದ್ದದ್ದು ಆ ಗುರುತೊಂದೇ. ಒಂದರದ್ದಾದರೂ ನನ್ನ ಕಣ್ಣಿಂದಲೇ ಓದಬೇಕೆಂದಿದ್ದೆ.

ಮಾವ ಕಟರ್ ಹಿಡಿದದ್ದು ಅಲ್ಲಿಗೇ.

“ಮಾಮಾ, ಅದನ್ನ ಬಿಡು, ನಳಿಗಿ ಕಡಿ!”

“ನಳಿಗಿ ಕಡದ್ರ ಬ್ಯಾರೇದು ಹಾಕ್ತಾರಂತ. ಇಲ್ಲಿ ಕಡದ್ರ ಮತ್ತ ಏಳಂಗಿಲ್ಲ. ಸಾಹೇಬ್ರ ಹುಕುಂ ಐತಿ.”

ಕಾವಲಿಗೆ ಕುರ್ಚಿ ಹಾಕಿ ಕೂತಿದ್ದ ಪೊಲೀಸ್ ಸಾಹೇಬರು ನಕ್ಕರು. “ಕ್ಯಾ ಪ್ರೊಫೆಸರ್, ಬಂದೂಕ್ ಸೆ ಶಾದಿ ಕರೇಗಾ ಕ್ಯಾ? ಚಲ್, ಏಕ್ ದೇಖ್ ಲೇ.”

ಒಂದನ್ನು ನೋಡಲು ಅವರು ಒಪ್ಪುವಷ್ಟರಲ್ಲಿ ಕಡಿಯದೆ ಉಳಿದದ್ದೇ ಒಂದು. ಎತ್ತಿಕೊಂಡೆ, ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅಂಗಿಯ ತುದಿಯಿಂದ ಪಟ್ಟಿ ಒರೆಸಿದೆ, ಉಗುರಿನಿಂದ ಬಣ್ಣ ಕೆರೆದೆ. ಕೆಳಗಿನ ಉಕ್ಕು ನುಣ್ಣಗಿತ್ತು. ಹಿಡಿಯುವಾಗ ಕೈ ಬೀಳುವುದು ಅಲ್ಲಿಯೇ. ಎಷ್ಟೋ ಪೇದೆಗಳ ಅಂಗೈ ಸೇರಿ ಅಕ್ಷರವನ್ನೆಲ್ಲ ಸವೆಸಿಬಿಟ್ಟಿದ್ದವು.

“ಏನ ಬರದೈತಿ?” ಎಂದು ಮಾವ ಕೇಳಿದ.

“ಏನೂ ಇಲ್ಲ ಮಾಮಾ.”

“ಹಂಗಾರ ಕೊಡ ಇತ್ತ. ಗ್ಯಾಸ್ ಸುಮ್ನ ಉರಿಯಾಕ ಹತ್ತೈತಿ.”

ನಾನೇ ಅದನ್ನು ಅವನ ಮುಂದೆ ಇಟ್ಟು, ಅಲುಗಾಡದಂತೆ ಹಿಡಿದುಕೊಂಡೆ.