ಹಾಡುವುದಿಲ್ಲವೆಂಬ ಒಂದೇ ಷರತ್ತು

ಆ ಫ್ರೆಂಚ್ ಗಾಯಕಿ ಕಳಿಸಿದ ಪತ್ರದಲ್ಲಿ ಇದ್ದದ್ದು ಒಂದೇ ಷರತ್ತು: ನನ್ನ ಕಾದಂಬರಿಯಿಂದ ಓದುತ್ತೇನೆ, ಹಾಡುವುದಿಲ್ಲ. ನಮ್ಮ ಬಾಸ್ ಅದಕ್ಕೆ ಒಪ್ಪಿ ಸಹಿ ಹಾಕಿದರು. ಆಮೇಲೆ ಆಹ್ವಾನಪತ್ರಿಕೆಯಲ್ಲಿ ‘ಸಾಹಿತ್ಯ ಮತ್ತು ಸಂಗೀತದ ಸಂಜೆ’ ಎಂದು ಅಚ್ಚು ಹಾಕಿಸಿದರು.

ಎರಡು ಸಾವಿರದ ದಶಕದ ನಡುವಿನ ಮಾತು ಇದು. ಮಸ್ಕತ್ತಿನ ಹೋಟೆಲುಗಳಿಗೆ ಕಾರ್ಯಕ್ರಮ ಏರ್ಪಡಿಸಿಕೊಡುವ ಸಣ್ಣ ಕಚೇರಿಯೊಂದರಲ್ಲಿ ನನಗೆ ಮೊದಲ ಕೆಲಸ. ಮೈಸೂರಿನಿಂದ ಬಂದ ಅಪ್ಪ ಅಮ್ಮನ ಜೊತೆ ಅಲ್ ಮಬೇಲಾದಲ್ಲಿ ವಾಸ. ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚ್ ಓದಿದ್ದೆ. ಅದಕ್ಕಿಂತ ಹೆಚ್ಚಾಗಿ ಆರು ವರ್ಷ ಡಿಬೇಟ್ ತಂಡದಲ್ಲಿದ್ದೆ. ಎದುರಾಳಿಯ ಬಾಯಲ್ಲಿ ಮೂರು ಸಲ ‘ಹೌದು’ ಅನ್ನಿಸಿ, ನಾಲ್ಕನೆಯ ಸಲ ‘ಇಲ್ಲ’ ಅನ್ನಲು ಜಾಗವೇ ಇಲ್ಲದಂತೆ ಮಾಡುವುದು ನನ್ನ ವರಸೆ. ಬಾಸ್‌ಗೆ ಬೇಕಾಗಿದ್ದದ್ದೂ ಅದೇ.

“ಸ್ಟೇಜ್ ಮೇಲೆ ಅವ್ರನ್ನ ನೀನೇ ಮಾತಾಡ್ಸು. ಕೊನೇಲಿ ಹಾಡೋ ಹಾಗೆ ಸಿಕ್ಕಿಸ್ಬಿಡು. ಅಷ್ಟು ಜನದ ಮುಂದೆ ಅದು ಹೇಗೆ ಆಗಲ್ಲ ಅಂತಾರೆ ನೋಡೋಣ.”

“ಮೂರು ಪ್ರಶ್ನೆ ಸಾಕು ಸರ್,” ಎಂದೆ. ಹೆಮ್ಮೆಯಿಂದಲೇ ಎಂದೆ.

ನನಗೆ ಆಕೆಯ ಬಗ್ಗೆ ಮರುಕವೇನೂ ಇರಲಿಲ್ಲ. ಓದಿ ತಿಳಿದದ್ದು ಇಷ್ಟು: ಬಂದರು ಪಟ್ಟಣವೊಂದರ ಹುಡುಗಿ, ಹದಿನೇಳಕ್ಕೆ ಮೊದಲ ಹಾಡು. ಹಾಡು ಫ್ರಾನ್ಸಿನಲ್ಲಿ ಓಡಿತು. ರೆಕಾರ್ಡ್ ಕಂಪನಿಯವರು ಅದನ್ನೇ ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಹಾಡಿಸಿದರು. ಆಮೇಲೆ ಅರಬಿಯಲ್ಲೂ ಒಂದು. ಇವುಗಳಲ್ಲಿ ಆಕೆಗೆ ನಿಜವಾಗಿ ಬರುತ್ತಿದ್ದದ್ದು ಫ್ರೆಂಚ್ ಮಾತ್ರ, ಇಟಾಲಿಯನ್ ಅರೆಬರೆ. ಐವತ್ತರ ಹತ್ತಿರ ಹಾಡು ನಿಲ್ಲಿಸಿ ಕಾದಂಬರಿಗೆ ಇಳಿದರು. ನನ್ನ ವಾದ ಸಿದ್ಧವಾಗಿತ್ತು. ಅರ್ಥ ಗೊತ್ತಿಲ್ಲದೆ ವಿರಹ ಹಾಡಿದ್ದು ಮೊದಲ ಮೋಸ, ಆ ಹೆಸರಿನ ಬಲದಲ್ಲಿ ಪುಸ್ತಕ ಹೊರತಂದದ್ದು ಎರಡನೆಯದು.

ಕಾರ್ಯಕ್ರಮ ಸಂಜೆ ಏಳಕ್ಕೆ. ಬೆಳಿಗ್ಗೆ ಆಕೆಗೆ ರುಸ್ತಾಕ್‌ನ ಕೋಟೆ ತೋರಿಸಿಕೊಂಡು ಬರುವ ಹೊಣೆ ನನ್ನದು. ಕಾರು ಓಡಿಸುತ್ತಿದ್ದವರು ನಮ್ಮ ಕಚೇರಿಯ ಚಾಲಕರು, ವಿಟ್ಲದ ಕಡೆಯ ಬ್ಯಾರಿ, ನನ್ನ ಅಪ್ಪನ ವಯಸ್ಸು. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಆಕೆ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಹೋಟೆಲಿನ ಕಾಫಿಯನ್ನು ಬೈಯುತ್ತ ಹಿಂದಿನ ಸೀಟಿನಲ್ಲಿ ಕೂತರು. ಕಾಕಾ ಕನ್ನಡಿಯಲ್ಲಿ ಎರಡೆರಡು ಸಲ ನೋಡಿದರು.

“ಎಂತ ಮಗಳೇ, ಇವರು ಅವರೇನಾ? ಕ್ಯಾಸೆಟಿನ ಚಿತ್ರದಲ್ಲಿ ಕೂದಲು ಸೊಂಟದವರೆಗೆ ಉಂಟಲ್ಲ?”

“ಮೂವತ್ತು ವರ್ಷದ ಹಿಂದಿನ ಚಿತ್ರ ಕಾಕಾ. ನಿಮ್ಮ ಪಾಸ್‌ಪೋರ್ಟ್ ಫೋಟೋ ತೋರಿಸಿ, ನೋಡೋಣ.”

“ಅದು ಬಿಡು ಮಾರಾಯ್ತಿ,” ಎಂದು ನಕ್ಕರು.

ಬರ್ಕಾ ದಾಟಿ ಬೆಟ್ಟಗಳ ಕಡೆಗೆ ತಿರುಗಿದ ಮೇಲೆ ನಾನು ತಡೆಯಲಾರದೆ ಫ್ರೆಂಚಿನಲ್ಲಿ ಕೇಳಿಯೇಬಿಟ್ಟೆ: “ಈ ಕಾದಂಬರಿ ನೀವೇ ಬರೆದದ್ದಾ?”

ಆಕೆ ಕನ್ನಡಕ ತೆಗೆದರು. “ನಾನು ಹಾಡುತ್ತಿದ್ದಾಗ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಆಗ ಯಾರೂ ಕೇಳಲಿಲ್ಲ. ಈಗ ಪ್ರತಿ ಸಾಲೂ ನನ್ನದು, ಈಗ ಎಲ್ಲರೂ ಕೇಳುತ್ತಾರೆ.”

ಒಳ್ಳೆಯ ಉತ್ತರ. ತೀರ್ಪುಗಾರರಿದ್ದಿದ್ದರೆ ಅಂಕ ಆಕೆಗೇ ಹೋಗುತ್ತಿತ್ತು. ನಾನು ಬಿಡಲಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಹೇಗೆ ಹಾಡಿದಿರಿ, ನಾಚಿಕೆಯಾಗಲಿಲ್ಲವೇ ಎಂದೆ. ಆಕೆ ಉತ್ತರಿಸುವ ಮೊದಲೇ ಕಾಕಾ ಮಧ್ಯೆ ಬಾಯಿ ಹಾಕಿದರು. “ಅವರು ಎಂತ ಹೇಳಿದ್ದು? ನನ್ನ ಹತ್ತಿರ ಅವರ ಅರಬಿ ಹಾಡು ಉಂಟು ಅಂತ ಹೇಳು.”

ಕಾರು ಬದಿಗೆ ನಿಲ್ಲಿಸಿ, ಟೆಲಿಫೋನ್ ನಂಬರು ಬರೆದಿಟ್ಟುಕೊಳ್ಳುವ ಹಳೆಯ ಪಾಕೆಟ್ ಡೈರಿ ತೆಗೆದರು. ಕೊನೆಯ ಪುಟಗಳಲ್ಲಿ, ಮಾಸಿದ ನೀಲಿ ಶಾಯಿಯಲ್ಲಿ, ಆ ಅರಬಿ ಹಾಡು ಪೂರ್ತಿ ಕನ್ನಡ ಅಕ್ಷರಗಳಲ್ಲಿತ್ತು.

“ನಾನು ಮೊದಲು ಸಹಮ್‌ಗೆ ಬಂದದ್ದು. ವೀಸಾ ಕೊಟ್ಟ ಕಫೀಲ್‌ನ ಅಂಗಡಿಯಲ್ಲಿ ಇದ್ದದ್ದು ಇದೊಂದೇ ಕ್ಯಾಸೆಟ್. ಅರಬಿ ಕಲೀಲಿಕ್ಕೆ ಆಗ್ತದೆ ಅಂತ ಬರ್ಕೊಂಡೆ. ಬಾಯಿಪಾಠ ಆದ ಮೇಲೆ ಗೊತ್ತಾಯ್ತು, ಅಕ್ಕಿ ಮಾರ್ಲಿಕ್ಕೆ ಅದರ ಒಂದು ಮಾತೂ ಉಪಯೋಗ ಇಲ್ಲ. ಬರೀ ಚಂದ್ರ, ಕಣ್ಣು, ಕಣ್ಣೀರು!”

“ಅರಬಿ ಅಕ್ಷರ ನಿಮಗೆ ಗೊತ್ತಲ್ಲ ಕಾಕಾ?”

“ಓದ್ಲಿಕ್ಕೆ ಗೊತ್ತುಂಟು. ಕೇಳಿದ್ದನ್ನು ಬೇಗ ಬೇಗ ಬರೀಲಿಕ್ಕೆ ಕೈಗೆ ಬರುವುದು ಶಾಲೆಯ ಅಕ್ಷರವೇ ಅಲ್ಲವಾ.”

ನಾನು ಅನುವಾದಿಸಿದೆ. ಆಕೆ ಡೈರಿ ಕೇಳಿ ಪಡೆದು ತೊಡೆಯ ಮೇಲಿಟ್ಟುಕೊಂಡರು. ಸಾಲುಗಳ ಮೇಲೆ ಬೆರಳಾಡಿಸುತ್ತ, ಹಾಡು ಎಲ್ಲಿಂದ ಶುರು ಎಂದು ಕೇಳಿದರು. ತೋರಿಸಿದೆ.

“ನನ್ನದೂ ಹೀಗೆಯೇ ಇತ್ತು,” ಎಂದರು. “ಫ್ರೆಂಚ್ ಅಕ್ಷರದಲ್ಲಿ. ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಪೆನ್ಸಿಲಿನ ಗುರುತು. ಆದರೆ ಕಾಗದ ನೋಡಿಕೊಂಡು ಹಾಡಿದರೆ ಸತ್ತ ಹಾಗೆ ಕೇಳುತ್ತದೆ. ಅದಕ್ಕೇ ಗಾಜಿನ ಆಚೆ ಒಬ್ಬರನ್ನು ನಿಲ್ಲಿಸುತ್ತಿದ್ದರು. ಅರಬಿಗೆ ಬೈರೂತಿನ ಒಬ್ಬ ಹೆಂಗಸು. ಆಕೆ ಸದ್ದಿಲ್ಲದೆ ಪ್ರತಿ ಶಬ್ದವನ್ನೂ ತುಟಿಯಲ್ಲಿ ಆಡುತ್ತಿದ್ದಳು, ನಾನು ಆ ತುಟಿ ನೋಡಿ ಹಾಡುತ್ತಿದ್ದೆ. ನನ್ನ ದನಿಯಲ್ಲಿ ಜನ ಕೇಳಿದ ದುಃಖ ಅವಳದು. ಅವಳ ಹೆಸರು ಯಾವ ರೆಕಾರ್ಡಿನ ಮೇಲೂ ಇಲ್ಲ. ಕಾದಂಬರಿ ಅವಳ ಕುರಿತು.”

ನಾನು ಪುಸ್ತಕದ ಇಂಗ್ಲಿಷ್ ಅನುವಾದದ ಹಿಂಬದಿಯನ್ನಷ್ಟೇ ಓದಿದ್ದೆ. ಅದನ್ನು ಆಕೆಗೆ ಹೇಳಲಿಲ್ಲ.

“ಹಿಂದಿನ ಮೂರು ಊರುಗಳಲ್ಲೂ ಕೊನೆಗೆ ಹಾಡಿಸಿಯೇಬಿಟ್ಟರು,” ಎಂದು ಆಕೆ ಮುಂದುವರಿಸಿದರು. “ನಾನು ಹಾಡಿದೆನೆಂದರೆ ಮುಗಿಯಿತು, ಮತ್ತೆ ಯಾರೂ ಅವಳ ಬಗ್ಗೆ ಕೇಳುವುದಿಲ್ಲ. ಒಂದು ಊರಿನಲ್ಲಾದರೂ ಅವಳ ಪುಟ ಪೂರ್ತಿ ಓದಬೇಕು.”

“ಹೇಗೆ ಹಾಡಿಸಿದರು?”

“ನಿಮ್ಮಂಥ ಚುರುಕಿನವರು ಎಲ್ಲ ಕಡೆ ಒಬ್ಬರು ಇರುತ್ತಾರೆ.”

ರುಸ್ತಾಕ್‌ನಲ್ಲಿ ಆಕೆ ಕೋಟೆಯ ಮೆಟ್ಟಿಲುಗಳನ್ನು ನನಗಿಂತ ಬೇಗ ಹತ್ತಿದರು, ಬಿಸಿಲಿನ ಕಡೆ ಮುಖ ಬರುವಂತೆ ಫೋಟೋ ತೆಗೆದೆನೆಂದು ನನ್ನನ್ನು ಗದರಿದರು, ಪೇಟೆಯಲ್ಲಿ ಹಲ್ವಾ ಕೊಂಡು ಕಾಕಾನಿಗೂ ಕೊಟ್ಟರು. ನನ್ನ ಗಮನ ಯಾವುದರ ಮೇಲೂ ನಿಲ್ಲಲಿಲ್ಲ. ವಾಪಸು ಬರುವಾಗ ಆಕೆ ನಿದ್ದೆ ಹೋದರು, ನಾನು ಪುಸ್ತಕ ಓದಿದೆ. ಮೊದಲ ಅರವತ್ತು ಪುಟ ಎಳೆದಾಟ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಗಾಜಿನಾಚೆಯ ತುಟಿಗಳ ಆ ಪುಟ ಬಂದಾಗ, ಅದನ್ನು ಬೇರೆ ಯಾರೋ ಬರೆದುಕೊಟ್ಟರು ಎಂಬ ವಾದ ನನ್ನ ಕೈಬಿಟ್ಟಿತು. ಬಾಡಿಗೆಗೆ ಬರೆದುಕೊಡುವವರು ಅಷ್ಟು ಅಪರಾಧಭಾವದಿಂದ ಬರೆಯಲಾರರು.

ಸಂಜೆ ಸಭಾಂಗಣ ತುಂಬಿತ್ತು. ಆಕೆ ಗಾಜಿನಾಚೆಯ ಆ ಪುಟದ ಅರ್ಧಕ್ಕೂ ಬಂದಿರಲಿಲ್ಲ, ಹಿಂದಿನ ಸಾಲಿನಿಂದ ಯಾರೋ ಹಾಡಿನ ಹೆಸರು ಕೂಗಿದರು. ಚಪ್ಪಾಳೆ ತಾಳಕ್ಕೆ ತಿರುಗಿತು. ಮೊದಲ ಸಾಲಿನಲ್ಲಿದ್ದ ಬಾಸ್ ನನ್ನ ಕಡೆ ನೋಡಿ ಮೂರು ಬೆರಳು ಎತ್ತಿದರು. ಆಕೆ ಪುಸ್ತಕ ಮುಚ್ಚಿ, ಬೆರಳನ್ನು ಆ ಪುಟದ ನಡುವೆಯೇ ಇಟ್ಟುಕೊಂಡು, ನನ್ನನ್ನು ನೋಡಿದರು. ಬರುವುದೇನೆಂದು ಆಕೆಗೆ ಗೊತ್ತಿತ್ತು.

ನಾನು ಮೈಕು ತೆಗೆದುಕೊಂಡು ಸಭೆಯ ಕಡೆ ತಿರುಗಿದೆ.

“ಇವರ ಇಟಾಲಿಯನ್ ಹಾಡು ಕೇಳಿದವರು ಕೈ ಎತ್ತಿ.” ಕಾಡಿನಂತೆ ಕೈಗಳೆದ್ದವು.

“ಇಷ್ಟಪಟ್ಟವರು?” ಒಂದೂ ಇಳಿಯಲಿಲ್ಲ.

“ಇಟಾಲಿಯನ್ ಬರುವವರು ಮಾತ್ರ ಹಾಗೇ ಇಟ್ಟುಕೊಳ್ಳಿ.” ಉಳಿದದ್ದು ಒಂದೇ ಕೈ, ಬಾಗಿಲ ಬಳಿ ನಿಂತಿದ್ದ ಹೋಟೆಲಿನ ಮುಖ್ಯ ಬಾಣಸಿಗರದು. ಸಭೆ ನಕ್ಕಿತು.

“ಅಂದರೆ ಅರ್ಥವಾಗದೆಯೇ ಇಷ್ಟು ವರ್ಷ ಕೇಳಿದ್ದೀರಿ. ಇನ್ನು ಹತ್ತು ನಿಮಿಷ ಹಾಗೆಯೇ ಕೇಳಿ. ಇವರು ಅದೇ ದನಿಯಲ್ಲಿ ಈ ಪುಟವನ್ನು ಫ್ರೆಂಚಿನಲ್ಲಿ ಓದುತ್ತಾರೆ. ಆಮೇಲೆ ಅರ್ಥ ನಾನು ಹೇಳುತ್ತೇನೆ.”

ಎಲ್ಲರೂ ಒಲಿದರು ಎಂದರೆ ಸುಳ್ಳಾಗುತ್ತದೆ. ಎರಡು ಸಾಲಿನ ಜನ ಎದ್ದು ಊಟದ ಕಡೆ ಹೋದರು. ಉಳಿದವರು ಕೂತರು. ಆಕೆ ಮೊದಲಿನಿಂದ ಶುರುಮಾಡಿ, ಕೊನೆಯವರೆಗೆ ಓದಿದರು. ಕಾಕಾ ಗೋಡೆಗೆ ಒರಗಿ ನಿಂತೇ ಕೇಳಿದರು.

“ಖಲಾಸ್,” ಎಂದರು ಬಾಸ್ ಹೊರಗೆ ಬಂದ ಮೇಲೆ. “ಇನ್ನು ಮೈಕ್ ನಿನ್ ಕೈಗಿಲ್ಲ.” ಮಾತಿಗೆ ತಪ್ಪಲಿಲ್ಲ. ಮುಂದಿನ ಎಂಟು ತಿಂಗಳು ನಾನು ಕುರ್ಚಿ ಜೋಡಿಸಿದೆ.

ಮರುದಿನ ಆಕೆಯನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟೆವು. ಇಳಿಯುವಾಗ ಆಕೆ ಕಾಕಾನ ಕೈಗೆ ತನ್ನ ಫ್ರೆಂಚ್ ಪುಸ್ತಕವನ್ನೇ ಕೊಟ್ಟುಹೋಗಿದ್ದರು, ಆ ಪುಟದ ಮೂಲೆ ಮಡಚಿತ್ತು. ಪಾರ್ಕಿಂಗಿನಲ್ಲಿ ಕಾಕಾ ಎಂಜಿನ್ ಆರಿಸಿ, ಡೈರಿ ತೆಗೆದು, ಖಾಲಿ ಹಾಳೆ ಹುಡುಕಿದರು.

“ಹೇಳು ಮಗಳೇ, ಬರ್ಕೊಳ್ತೇನೆ.”

“ಅರ್ಥ ಹೇಳ್ಲಾ ಮೊದಲು?”

“ಅರ್ಥ ನಿನ್ನೆ ಹೇಳಿದ್ದೀಯಲ್ಲ. ಈಗ ಶಬ್ದ ಹೇಳು. ಯಲ್ಲಾ, ಶುರು ಮಾಡು. ಮೆಲ್ಲ.”

ನನ್ನ ಶಾಲೆಯ ಫ್ರೆಂಚಿನಲ್ಲಿ ಒಂದೊಂದೇ ಶಬ್ದ ಬಿಡಿಸಿ ಹೇಳತೊಡಗಿದೆ. ಕಾಕಾ ಪುಸ್ತಕದ ಕಡೆ ನೋಡಲಿಲ್ಲ. ಪೆನ್ನು ಹಿಡಿದು ನನ್ನ ತುಟಿಗಳನ್ನೇ ನೋಡುತ್ತಿದ್ದರು. ನಾನು ಬಾಯಿಯನ್ನು ಇನ್ನಷ್ಟು ಸ್ಪಷ್ಟವಾಗಿ ಆಡಿಸಿದೆ.