ಹದಿನಾಲ್ಕು ಪಾಠ, ಒಂದೇ ಕೈ

ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಸ್ಟಾಫ್ ರೂಮಿಗೆ ಬಂದರೆಂದರೆ ನಮಗೊಂದು ಹೊಸ ಕಾಟ ಗ್ಯಾರಂಟಿ. ಒಂದು ವರ್ಷ ಯೋಗ. ಇನ್ನೊಂದು ವರ್ಷ ಕೈತೋಟ. ಮತ್ತೊಂದು ವರ್ಷ, ಮಂಗಳವಾರ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಬೇಕು ಅಂತ ಹೊರಟರು. ಆ ಮಂಗಳವಾರಗಳಲ್ಲಿ ಇಡೀ ಸ್ಟಾಫ್ ರೂಮು ಮೌನವ್ರತ ಹಿಡಿದು ಕೂತಿತ್ತು. ಹೋದ ವರ್ಷದ ಕಾಟದ ಹೆಸರು ಡಿಜಿಟಲ್ ಪಾಠ. ಚಾಮರಾಜಪೇಟೆಯ ನಮ್ಮ ಹೈಸ್ಕೂಲಿನ ಹದಿನಾಲ್ಕು ಶಿಕ್ಷಕರೂ ಕಂಪ್ಯೂಟರ್ ಪರದೆಯ ಮೇಲೆ ಒಂದೊಂದು ಪಾಠ ಮಾಡಬೇಕು, ಪರದೆಯಲ್ಲಿ ನಡೆಯುವುದನ್ನೆಲ್ಲ ದನಿಯ ಸಮೇತ ರೆಕಾರ್ಡ್ ಮಾಡಬೇಕು, ಆ ವಿಡಿಯೋವನ್ನು ಸ್ಲೈಡುಗಳ ಮಧ್ಯೆ ಕೂರಿಸಬೇಕು, ತಿಂಗಳ ಕೊನೆಗೆ ಬರುವ ತಪಾಸಣಾ ಸಮಿತಿಗೆ ತೋರಿಸಬೇಕು. ಎಲ್ಲ ಸ್ವಂತ ಕೈಯಿಂದ. ಮೊದಲನೇ ಸ್ಲೈಡಿನಲ್ಲಿ ‘ಸಿದ್ಧಪಡಿಸಿದವರು’ ಅಂತ ಶಿಕ್ಷಕರ ಹೆಸರು ದಪ್ಪಕ್ಷರದಲ್ಲಿ ಇರಲೇಬೇಕು.

ಆಗಲಿ ಸಾರ್ ಅಂದೆವು ಹದಿನಾಲ್ಕೂ ಜನ. ಅವರ ಕಾರು ಗೇಟು ದಾಟಿದ ಮೇಲೆ ಹದಿನಾಲ್ಕೂ ಜನ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ನಿಂತಿದ್ದೆವು.

ಒಳಗೆ ನಮ್ಮ ಆಪರೇಟರ್ ಇದ್ದಳು. ನಲವತ್ತು ದಾಟಿದ ಹೆಂಗಸು, ಹನ್ನೊಂದು ವರ್ಷದಿಂದ ನಮ್ಮಲ್ಲೇ. ಅಂಕಪಟ್ಟಿ, ಹಾಜರಿ, ಮಕ್ಕಳ ಬಸ್ ಪಾಸಿನ ಅರ್ಜಿ ಎಲ್ಲ ಅವಳ ಕೈಯಲ್ಲೇ ಆಗಬೇಕು, ಆದರೆ ಕೆಲಸ ಮಾತ್ರ ಕಾಂಟ್ರಾಕ್ಟು. ಪ್ರತಿ ಮೇ ತಿಂಗಳಲ್ಲಿ ಮಂಡಳಿ ದೊಡ್ಡ ಮನಸ್ಸು ಮಾಡಿ ರುಜು ಹಾಕಿದರೆ ಇನ್ನೊಂದು ವರ್ಷ. ಅವಳ ಮನೆ ಶಾಲೆಯ ಹಿಂದಿನ ರಸ್ತೆಯಲ್ಲಿ. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ತಾಯಿ. ಊಟದ ಬೆಲ್ ಆಗುತ್ತಲೇ ಓಡಿ, ತಾಯಿಯ ಮಗ್ಗುಲು ಬದಲಿಸಿ, ಎರಡು ತುತ್ತು ಉಣ್ಣಿಸಿ, ಮುಂದಿನ ಬೆಲ್ಲಿಗೆ ವಾಪಸ್ ಬರುತ್ತಿದ್ದಳು. ಮಧ್ಯಾಹ್ನ ಮನೆಗೆ ಬಿಡುವ ಕೆಲಸ ಈ ಊರಲ್ಲಿ ಇನ್ನೆಲ್ಲಿ ಸಿಗುತ್ತೆ ಮೇಡಂ, ಅನ್ನುತ್ತಿದ್ದಳು. ಅದಕ್ಕೇ ಆ ಕೆಲಸ ಖಾಯಂ ಆಗಲಿ ಅಂತ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಇದು ನಮ್ಮ ಹೆಡ್‌ಮಿಸ್‌ಗೆ ಚೆನ್ನಾಗಿ ಗೊತ್ತಿತ್ತು. “ಸಮಿತಿಯವ್ರು ಮೆಚ್ಕೊಂಡ್ಬಿಟ್ರೆ ನಿನ್ನ ಕೆಲ್ಸ ಖಾಯಂ ಮಾಡ್ಸೋ ಜವಾಬ್ದಾರಿ ನಂದು ಕಣಮ್ಮ” ಅಂದರು. ನಾವೆಲ್ಲ ಹೌದೌದು ಅಂತ ತಲೆಯಾಡಿಸಿದೆವು. ಯಾರ ಗಂಟೇನು ಹೋಗಬೇಕಿತ್ತು?

ರೆಕಾರ್ಡಿಂಗ್ ಶುರುವಾದ ದಿನ ಸಂಸ್ಕೃತದ ಮೇಷ್ಟ್ರು ಜರಿ ಶಲ್ಯ ಹೊದ್ದು, ಹಣೆಗೆ ಗಂಧ ಇಟ್ಟುಕೊಂಡು, ರಾಹುಕಾಲ ಕಳೆಯುವುದನ್ನೇ ಕಾಯುತ್ತ ವರಾಂಡದಲ್ಲಿ ಅಡ್ಡಾಡುತ್ತಿದ್ದರು. ಸಮಾಜದ ಮೇಡಂ ರೇಷ್ಮೆ ಸೀರೆಯುಟ್ಟು ಎರಡು ಮೊಳ ಮಲ್ಲಿಗೆ ಮುಡಿದು ಬಂದಿದ್ದರು. ರೆಕಾರ್ಡ್ ಆಗುವುದು ಪರದೆ ಮಾತ್ರ, ನೀವು ಯಾರೂ ಕಾಣುವುದಿಲ್ಲ ಅಂತ ಆಪರೇಟರ್ ಮೆಲ್ಲಗೆ ಹೇಳಿದಳು. ಮೇಷ್ಟ್ರಿಗೆ ಅವಮಾನವಾಯಿತು. ನಾನು ಕಾಣದಿದ್ದರೇನು, ನನ್ನ ದನಿ ಹೋಗುತ್ತದಲ್ಲ, ಅದು ಬನಿಯನ್ನಿನಲ್ಲಿ ಹೋಗಬೇಕೇ ಅಂತ ಕೇಳಿದರು. ವಿಜ್ಞಾನದವರು ಮೈಕು ಕಂಡದ್ದೇ ತಡ, ಎಲ್ಲರೂ ಪುಸ್ತಕ ತೆಗೆಯಿರಿ ಅಂತ ಗದರಿ, ಖಾಲಿ ಪರದೆ ಪುಸ್ತಕ ತೆಗೆಯುವವರೆಗೆ ಕಾದರು. ಅವರ ವಿಡಿಯೋದಲ್ಲಿ ಮೊದಲ ಅರ್ಧ ನಿಮಿಷ ಬರೀ ಅವರ ಉಸಿರು.

ನನಗೆ ಇದನ್ನೆಲ್ಲ ನೋಡಿ ಮೈಯೆಲ್ಲ ಉರಿಯಿತು. ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟವಳು, ಸ್ಕೇಲಿಲ್ಲದೆ ಬೋರ್ಡಿನ ಮೇಲೆ ನೇರ ಗೆರೆ ಎಳೆಯುವವಳು ನಾನು. ಒಂದು ಗುಂಡಿ ಒತ್ತಲು ಬರುವುದಿಲ್ಲವೇ? ನನಗೆ ಯಾರ ಸಹಾಯವೂ ಬೇಡ ಅಂತ ಎಲ್ಲರೆದುರಿಗೆ ಹೇಳಿ, ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು, ವೃತ್ತದ ಸ್ಪರ್ಶಕದ ಪಾಠವನ್ನು ಹತ್ತು ನಿಮಿಷದಲ್ಲಿ ಮುಗಿಸಿ, ಜಂಬದಿಂದ ಮನೆಗೆ ಹೋದೆ. ನಿಲ್ಲಿಸುವ ಗುಂಡಿ ಒತ್ತಿರಲಿಲ್ಲ ಅಂತ ತಿಳಿದದ್ದು ಸೋಮವಾರ. ಪಾಠ ಆದಮೇಲೆ ನಾನು ಅಲ್ಲೇ ಕೂತು ಪರದೆಯ ಮೇಲೆ ಉಪ್ಪಿನಕಾಯಿ ಜಾಡಿಗಳ ರೇಟು ಹುಡುಕಿದ್ದು, ತಂಗಿಗೆ ಫೋನ್ ಮಾಡಿ ನಮ್ಮ ಕಾರ್ಯದರ್ಶಿಗೆ ಲ್ಯಾಪ್‌ಟಾಪಿನ ಮುಚ್ಚಳ ತೆಗೆಯಲೂ ಬರುವುದಿಲ್ಲ, ಬಂದುಬಿಟ್ಟ ಡಿಜಿಟಲ್ ಅಂದುಕೊಂಡು ಅಂತ ಬೈದದ್ದು, ಎಲ್ಲ ಅಚ್ಚುಕಟ್ಟಾಗಿ ರೆಕಾರ್ಡ್ ಆಗಿತ್ತು. ಆಪರೇಟರ್ ಅದನ್ನು ಪೂರ್ತಿ ಕೇಳಿದ್ದಳು. ಯಾರಿಗೂ ಒಂದು ಮಾತು ಹೇಳದೆ ಅಳಿಸಿ ಹಾಕಿ, “ಮೇಡಂ, ಜಾಡಿ ಬೇಕಿದ್ರೆ ಮಾರ್ಕೆಟ್ಟಲ್ಲೇ ತಗೊಳ್ಳಿ, ಅಲ್ಲೇ ಚೆನ್ನಾಗಿರೋದು ಸಿಗುತ್ತೆ” ಅಂದಳು. ಅಷ್ಟೇ. ಅವತ್ತಿನಿಂದ ನಾನೂ ಸರದಿಯಲ್ಲಿ ನಿಂತೆ.

ಕೆಲಸ ಹೀಗೆ ಹಂಚಿಕೆಯಾಯಿತು. ದನಿ ನಮ್ಮದು, ಕೈ ಅವಳದು. ನಾವು ಪಕ್ಕದ ಕುರ್ಚಿಯಲ್ಲಿ ಕೂತು ಒದರುವುದು, ಅವಳು ಪರದೆಯ ಮೇಲೆ ಮೌಸಿನ ಬಾಣ ಓಡಿಸುವುದು. ನಾನು ‘ಇಲ್ಲಿ ನೋಡಿ’ ಅನ್ನುವ ಮೊದಲೇ ಬಾಣ ಅಲ್ಲಿರುತ್ತಿತ್ತು. ಮಕ್ಕಳು ಎಲ್ಲಿ ಎಡವುತ್ತಾರೋ ಆ ಜಾಗದ ಸುತ್ತ ಎರಡು ಸುತ್ತು ಹಾಕಿ ನಿಲ್ಲುತ್ತಿತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೆ ಕೈ ಎತ್ತಿ ನಮ್ಮನ್ನು ತಡೆಯುವಳು. ಕೆಮ್ಮು, ಆಕಳಿಕೆ, ತಪ್ಪಿದ ಲೆಕ್ಕ ಎಲ್ಲವನ್ನೂ ಕತ್ತರಿಸಿ, ಮಿಕ್ಕಿದ್ದನ್ನು ಸ್ಲೈಡಿನಲ್ಲಿ ಕೂರಿಸಿ, ಕೊನೆಗೆ ನಮ್ಮ ಹೆಸರು ದಪ್ಪಕ್ಷರದಲ್ಲಿ ಹಾಕುವಳು. ಎಲ್ಲ ಮುಗಿದಾಗ ನನ್ನ ಪಾಠ ನನಗೇ ಅರ್ಥವಾಗುವಷ್ಟು ಚೆನ್ನಾಗಿತ್ತು.

ಸಮಿತಿ ಬಂತು. ಮೂರು ಜನ, ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಸಭಾಂಗಣದಲ್ಲಿ ಕೂತರು. ನಾಲ್ಕನೇ ಪಾಠ ಓಡುತ್ತಿದ್ದಾಗ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, ನಿಮ್ಮ ಶಾಲೆಯಲ್ಲಿ ಎಲ್ಲರೂ ಒಂದೇ ಥರ ಬಾಣ ಸುತ್ತಿಸುತ್ತೀರಲ್ಲ ಅಂದರು. ಕಾರ್ಯದರ್ಶಿಗಳು ಹಿಗ್ಗಿ, ಅದು ನಮ್ಮ ಶಿಸ್ತು ಸಾರ್, ಎಲ್ಲರಿಗೂ ಒಂದೇ ತರಬೇತಿ ಅಂದರು. ಆಮೇಲೆ ನನ್ನ ಪಾಠ ಬಂತು. ಅಧ್ಯಕ್ಷರು ಪೂರ್ತಿ ನೋಡಿ ನನ್ನ ಕಡೆ ತಿರುಗಿದರು.

“ತುಂಬಾ ಚೆನ್ನಾಗಿದೆ ಮೇಡಂ. ಇದನ್ನ ನೀವೊಬ್ರೇ ಮಾಡಿದ್ದಾ?”

ಆಪರೇಟರ್ ಹಿಂದೆ ಸ್ವಿಚ್ ಬೋರ್ಡಿನ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು, ಹೂಂ ಅನ್ನಿ ಅನ್ನುವ ಹಾಗೆ. ಸಮಿತಿ ಮೆಚ್ಚಿದರೆ ತನ್ನ ಕೆಲಸ ಉಳಿಯುತ್ತದೆ ಅಂತ ನಂಬಿದ್ದವಳು ಪಾಪ. ನಾನು ಅವಳ ಒಳ್ಳೆಯದಕ್ಕೇ ಹೂಂ ಅಂದೆ ಅಂತ ಬರೆದುಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ, ಹೊಗಳಿಕೆ ಬಲು ರುಚಿಯಾಗಿತ್ತು. “ಹೌದು ಸಾರ್, ನಾನೊಬ್ಳೇ” ಅಂದೆ.

ಚಪ್ಪಾಳೆಯಾಯಿತು. ಕಾರ್ಯದರ್ಶಿಗಳು ವಂದನಾರ್ಪಣೆಗೆ ಎದ್ದರು. ನಮ್ಮ ಹದಿನಾಲ್ಕೂ ಶಿಕ್ಷಕರು ಈಗ ತಮ್ಮ ಕಾಲ ಮೇಲೆ ತಾವೇ ನಿಂತಿದ್ದಾರೆ, ಆದ್ದರಿಂದ ಮುಂದಿನ ವರ್ಷದಿಂದ ಪ್ರತ್ಯೇಕ ಆಪರೇಟರಿನ ಅಗತ್ಯ ನಮಗಿಲ್ಲ ಅಂತ ತಿಳಿಸಲು ಹೆಮ್ಮೆಯಾಗುತ್ತಿದೆ ಅಂದರು. ಮತ್ತೆ ಚಪ್ಪಾಳೆ. ಕೈ ತಟ್ಟಿದವರಲ್ಲಿ ನಾನೂ ಇದ್ದೆ. ಏನು ಹೇಳಿದರು ಅಂತ ತಲೆಗೆ ಹೋಗುವ ಹೊತ್ತಿಗೆ ನನ್ನ ಕೈ ಎರಡು ಸಲ ತಟ್ಟಿಯಾಗಿತ್ತು. ಹಿಂದಕ್ಕೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಹೆಡ್‌ಮಿಸ್ ಎರಡು ದಿನ ಯಾರಿಗೂ ಮುಖ ಕೊಡಲಿಲ್ಲ. ಮೂರನೆಯ ದಿನ ನಾವೇ ಹೋಗಿ ಕೇಳಿದಾಗ, ಅವಳು ಬೇಕು ಅಂತ ಮಂಡಳಿಗೆ ಬರೆಯಬೇಕಾದರೆ ನೀವು ಮಾಡಿಲ್ಲ ಅಂತಲೂ ಬರೆಯಬೇಕಲ್ರೀ, ಯಾರು ಬರೀತೀರಿ ಹೇಳಿ ಅಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಬಡ್ತಿ, ಸಂಸ್ಕೃತದ ಮೇಷ್ಟ್ರಿಗೆ ರಿಟೈರ್ ಆಗಲು ಆರು ತಿಂಗಳು. ನನಗೆ ಯಾವ ನೆಪವೂ ಇರಲಿಲ್ಲ. ಸುಮ್ಮನೆ ಹೆದರಿದ್ದೆ.

ಮೇ ತಿಂಗಳಲ್ಲಿ ಆಕೆ ಕೆಲಸ ಬಿಡುವಾಗ ಒಂದೇ ಒಂದು ಕೇಳಿದಳು. ಮಲ್ಲೇಶ್ವರಂನಲ್ಲಿ ಪಾಠದ ವಿಡಿಯೋ ಮಾಡುವವರು ಯಾರೋ ಇದ್ದಾರಂತೆ, ಮನೆಯಲ್ಲೇ ಕೂತು ಮಾಡುವ ಕೆಲಸವಂತೆ, ತಾಯಿಯ ಪಕ್ಕದಲ್ಲೇ ಇರಬಹುದು. ಆದರೆ ಮೊದಲು ಮಾಡಿದ ಕೆಲಸ ತೋರಿಸಬೇಕು. ಅವಳು ಮಾಡಿದ ಹದಿನಾಲ್ಕು ಪಾಠಗಳಲ್ಲೂ ನಮ್ಮ ಹೆಸರು. ಶಾಲೆ ಕೊಟ್ಟ ಅನುಭವ ಪತ್ರದಲ್ಲಿ ‘ಕಚೇರಿ ಕೆಲಸಗಳಲ್ಲಿ ಸಹಕರಿಸಿರುತ್ತಾರೆ’ ಅಂತ ಒಂದೇ ಸಾಲು. “ನಿಮ್ಮ ಪಾಠಾನೇ ತೋರಿಸ್ತೀನಿ ಮೇಡಂ. ಅವ್ರು ಫೋನ್ ಮಾಡಿದ್ರೆ ನಾನೇ ಮಾಡಿದ್ದು ಅಂತ ಹೇಳ್ತೀರಾ?” ಅಂದಳು. ಹೇಳ್ತೀನಿ ಅಂದೆ. ಇದನ್ನು ಅವಳು ನನ್ನ ಹತ್ತಿರ ಕೇಳಿಕೊಳ್ಳಬೇಕಾಯಿತಲ್ಲ ಅಂತ ನಾಚಿಕೆಯಾಯಿತು.

ಫೋನ್ ಬಂದದ್ದು ಜೂನಿನಲ್ಲಿ. ನಾನು ಸ್ಟಾಫ್ ರೂಮಿನಲ್ಲಿದ್ದೆ. ಕಾರ್ಯದರ್ಶಿಗಳು ಆ ವರ್ಷದ ಹೊಸ ಕಾಟವನ್ನು ವಿವರಿಸುತ್ತಿದ್ದರು. ಫೋನ್ ಕಿವಿಗಿಟ್ಟುಕೊಂಡು ಎದ್ದು, ವರಾಂಡ ದಾಟಿ, ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಹಿಂದೆ ಹೋಗಿ, ಆ ಕಡೆ ಈ ಕಡೆ ನೋಡಿ, ಅಲ್ಲಿ ಹೇಳಿದೆ. “ದನಿ ಮಾತ್ರ ನಂದು. ಮಿಕ್ಕಿದ್ದೆಲ್ಲಾ ಅವಳೇ ಮಾಡಿದ್ದು. ನಂಗೆ ಏನೂ ಬರಲ್ಲ.” ಎಷ್ಟು ಸಲೀಸಾಗಿ ಬಂತು ಬಾಯಿಗೆ. ಆಮೇಲೆ ಒಳಗೆ ಬಂದು ನನ್ನ ಜಾಗದಲ್ಲಿ ಕೂತೆ.

ಅವಳಿಗೆ ಕೆಲಸ ಸಿಕ್ಕಿತು. ಮುಂದಿನ ವಾರ ಮೈಸೂರು ಪಾಕಿನ ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದಳು. ನಮ್ಮಲ್ಲಿ ಒಬ್ಬರ ಮೇಲೂ ಸಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿಗೆ. ಎಲ್ಲರಿಗೂ ಹಂಚಿ, ನನ್ನ ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ “ನಿಮ್ಮಿಂದಾನೇ ಮೇಡಂ ಇದು” ಅಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಅವಳು ಹೋದ ಮೇಲೆ ಸಮಾಜದ ಮೇಡಂ, ನೀವೇನ್ರೀ ಮಾಡಿದ್ರಿ ಅಂತ ಕೇಳಿದರು. ಹದಿಮೂರು ಮುಖಗಳೂ ನನ್ನ ಕಡೆ ತಿರುಗಿದವು. ಏನಿಲ್ಲ, ಯಾರೋ ಫೋನ್ ಮಾಡಿದ್ದರು, ಒಳ್ಳೆಯ ಹುಡುಗಿ ಅಂತ ಹೇಳಿದೆ ಅಷ್ಟೇ ಅಂದೆ. ಮೈಸೂರು ಪಾಕು ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಇಳಿಯಿತು. ಎರಡು ತುಂಡು ತಿಂದೆ.