ಗುಡುಗಪ್ಪನ ಅರೆಹೊಟ್ಟೆ

ಆ ಕ್ರೇನ್ ಆಪರೇಟರನನ್ನು ಕಟ್ಟಡದ ಕೆಲಸದವರೆಲ್ಲ ಗುಡುಗಪ್ಪ ಎಂದೇ ಕರೆಯುತ್ತಿದ್ದರು. ಊಟದ ಬಿಡುವಿನಲ್ಲಿ ಅವನು ಸಿಮೆಂಟ್ ಚೀಲಕ್ಕೆ ಒರಗಿ ಗೊರಕೆ ಹೊಡೆದರೆ ಪಕ್ಕದವರು ಬುತ್ತಿ ಎತ್ತಿಕೊಂಡು ದೂರ ಹೋಗಬೇಕಿತ್ತು. ಅದು ನಗುವ ವಿಷಯವಲ್ಲ ಎಂದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ನಿದ್ದೆಯಲ್ಲಿ ಅವನ ಉಸಿರು ಗಕ್ಕನೆ ನಿಲ್ಲುತ್ತಿತ್ತು. ಎಷ್ಟೋ ಸಲ ಆಕೆ ಭುಜ ಹಿಡಿದು ಅಲುಗಾಡಿಸಿದ ಮೇಲೆಯೇ ಮತ್ತೆ ಶುರುವಾಗುತ್ತಿತ್ತು.

ಹಗಲೆಲ್ಲ ತೂಕಡಿಕೆ. ಒಮ್ಮೆ ಎತ್ತರದ ಕ್ಯಾಬಿನ್ನಿನಲ್ಲೇ ಕಣ್ಣು ಮುಚ್ಚಿಹೋದಾಗ, ಕೆಳಗೆ ಹೊರೆಗೆ ಕೊಕ್ಕೆ ಹಾಕುವ ಅವನ ಭಾವಮೈದುನ ವಾಕಿಟಾಕಿಯಲ್ಲಿ ಕೂಗಿ ಎಬ್ಬಿಸಿದ್ದ. ಅಂದಿನಿಂದ ಗುಡುಗಪ್ಪನಿಗೆ ಒಂದೇ ಭಯ: ಹೆಂಡತಿಯ ತಮ್ಮ ತನ್ನ ಕೈಯಿಂದ ಸಾಯಬಾರದು. ಕ್ಯಾಬಿನ್ನೂ ಕೈತಪ್ಪಬಾರದು, ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಕತ್ತಿನ ಕೊಬ್ಬು ಉಸಿರಿನ ದಾರಿಯನ್ನು ಒತ್ತುತ್ತಿದೆ, ಸಕ್ಕರೆಯೂ ಏರಿದೆ, ಅಳತೆಯ ಊಟ ಮಾಡಿ ತೂಕ ಇಳಿಸಿದರೆ ಎರಡೂ ಸುಧಾರಿಸುತ್ತವೆ ಎಂದರು ಪರೀಕ್ಷಿಸಿದ ಡಾಕ್ಟರಮ್ಮ. ಸಕ್ಕರೆಗೆ ಮಾತ್ರೆ ಬರೆದುಕೊಟ್ಟು, ತೂಕ ಇಳಿಯುತ್ತಿದ್ದಂತೆ ಬನ್ನಿ, ಮಾತ್ರೆ ಕಡಿಮೆ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ ಎಂದೂ ಹೇಳಿದರು. ಆ ಮಾತನ್ನು ಅವನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ಅಳತೆಯ ಊಟವನ್ನೂ ಅರ್ಧಕ್ಕಿಳಿಸಿದ. ಬೇಗ ಇಳಿದರೆ ಬೇಗ ಗುಣ ಎಂಬ ಲೆಕ್ಕ! ಕ್ರೇನಿನ ತೋಳು ಗಿಡ್ಡ ಮಾಡಿದರೆ ಸಮತೋಲ ತಪ್ಪದಂತೆ ಹಿಂಬದಿಯ ಕಾಂಕ್ರೀಟ್ ತೂಕವನ್ನೂ ಇಳಿಸದೆ ಬಿಡುತ್ತಿರಲಿಲ್ಲ ಈ ಪುಣ್ಯಾತ್ಮ. ತನ್ನ ಹೊಟ್ಟೆ ತಗ್ಗಿಸಿ, ಮಾತ್ರೆಯನ್ನು ಮಾತ್ರ ಮೊದಲಿನಷ್ಟೇ ನುಂಗಿದ.

ಗುಣವೇನೋ ಕಂಡಿತು. ಗೊರಕೆ ತಗ್ಗಿತು, ತೂಕಡಿಕೆ ಹೋಯಿತು. ಆ ನಿಶ್ಶಬ್ದಕ್ಕೆ ಹೆದರಿ ಹೆಂಡತಿ ಅವನ ಎದೆಯ ಮೇಲೆ ಕೈಯಿಟ್ಟು ಉಸಿರಿದೆಯೇ ಎಂದು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಏಣಿ ಹತ್ತಿದ. ಕಬ್ಬಿಣದ ಸರಳುಗಳ ಕಟ್ಟು ಅರ್ಧ ಎತ್ತರಕ್ಕೆ ಬಂದಾಗ ಮೈ ಬೆವೆತು ಕೈ ನಡುಗತೊಡಗಿತು. ಕೆಳಗಿನವರು ಒಬ್ಬೊಬ್ಬರೂ ಇಬ್ಬಿಬ್ಬರಾಗಿ ಕಂಡರು. ವಾಕಿಟಾಕಿಯಲ್ಲಿ ಬಾಯಿಬಿಟ್ಟರೆ ಸೂಪರ್‌ವೈಸರ್ ಕಿವಿಗೂ ಬೀಳುತ್ತದೆ, ಕ್ಯಾಬಿನ್ ಹೋದಂತೆಯೇ. ಸುಮ್ಮನಿದ್ದರೆ? ಸರಳುಗಳ ನೇರ ಕೆಳಗೇ ಭಾವಮೈದುನನ ಹಳದಿ ಹೆಲ್ಮೆಟ್.

ಬ್ರೇಕ್ ಹಾಕಿದ. "ಎಲ್ಲಾರೂ ದೂರ ಹೋಗಿ. ನನ್ ಕೈಲಿ ಆಗ್ತಿಲ್ಲ," ಎಂದು ವಾಕಿಟಾಕಿಯಲ್ಲಿ ತೊದಲಿದ.

ಭಾವಮೈದುನನ ತಾಯಿಗೂ ಸಕ್ಕರೆ ಕಾಯಿಲೆ. ಆ ತೊದಲು ಸಕ್ಕರೆ ಇಳಿದದ್ದರ ಗುರುತು ಎಂದು ಅವನಿಗೆ ತಕ್ಷಣ ಹೊಳೆಯಿತು. ಜನರನ್ನು ಸರಿಸಿ, ಟೀ ಮಾಡುವ ಕಡೆಯಿಂದ ಒಂದು ಹಿಡಿ ಸಕ್ಕರೆ ಜೇಬಿಗೆ ಸುರಿದುಕೊಂಡು, ಏದುಸಿರು ಬಿಡುತ್ತಾ ಏಣಿ ಹತ್ತಿ ಬಂದು ಭಾವನ ಬಾಯಿಗೆ ಹಾಕಿದ.

ನಡುಕ ನಿಂತ ಮೇಲೆ ಗುಡುಗಪ್ಪ ಹೇಳಿದ: "ನಿಮ್ಮಕ್ಕನಾಣೆ, ನಿದ್ದೆ ಮಾಡ್ಲಿಲ್ಲ ಕಣೋ."

"ನೀವು ನಿದ್ದೆ ಹೋದ್ರೂ ಕೆಳಗಿರೋನು ನಾನೇ ಭಾವ. ಹಸ್ಕೊಂಡು ಕೂತ್ರೂ ನಾನೇ."

ಗುಡುಗಪ್ಪನಿಗೆ ನಾಚಿಕೆಯಾಯಿತು, ಭಯಕ್ಕಿಂತ ಹೆಚ್ಚು. ವಾಕಿಟಾಕಿ ಎತ್ತಿಕೊಂಡು, ಈ ಹೊರೆ ಇಳಿಸಲು ಬೇರೆಯವರನ್ನು ಕಳಿಸಿ, ಡಾಕ್ಟರಮ್ಮ ಸರಿ ಎನ್ನುವವರೆಗೆ ನಾನು ಮೇಲೆ ಹತ್ತುವುದಿಲ್ಲ ಎಂದು ಸೂಪರ್‌ವೈಸರ್‌ಗೆ ತಾನೇ ಹೇಳಿದ.